ವಿಲ್ಸನ ಮಾಸ್ತರರ ಜೀಪಿಗೆ ಗಟ್ಟಿ ಟಾಪು

“ಈ ಮಳಿಗಾಲದಾಗ ನಿಮ್ಮವ್ವನ ಸೀರಿ ಮ್ಯಾಲ ಒಂದು ಹನಿ ಬಿತ್ತಂದ್ರ ನಾ ಮೀಸಿ ಬೋಳಿಸ್ತೇನಿ!”

ಚಿದ್ರಿಯಲ್ಲಿರುವ ತಮ್ಮ ಮನೆಯಂಗಳದಲ್ಲಿ ನಿಂತು ವಿಲ್ಸನ ಮಾಸ್ತರರು ಈ ಭೀಷ್ಮ ಪ್ರತಿಜ್ಞೆ ಮಾಡಿದಾಗ ಸಾಕ್ಷಿಗೆ ಇದ್ದದ್ದು ಇಬ್ಬರೇ. ಒಂದು ಜೀಪು, ಇನ್ನೊಂದು ಹೆಂಡತಿ ಎಸ್ತರ.

“ಮೀಸಿ ಮತ್ತ ಬೆಳೀತದ್ರಿ. ನಮ್ಮವ್ವನ ಮುಂದ ಹೋದ ಮಾನ ಬೆಳೀತದೇನು?” ಎಂದಳು ಎಸ್ತರ. ದವಾಖಾನೆಯಲ್ಲಿ ನರ್ಸು. ಚುಚ್ಚುವ ಕೆಲಸವನ್ನು ಮನೆಗೆ ಬಂದ ಮೇಲೂ ಬಿಟ್ಟವಳಲ್ಲ.

ಮಾನ ಹೋದದ್ದಂತೂ ಖರೆ. ಎರಡು ಮಳೆಗಾಲದ ಹಿಂದೆ ಎಸ್ತರಳ ತಂಗಿ ರೂಬಿಯ ಮದುವೆ. ಅತ್ತೆ ಜೆಮಿಮಾಬಾಯಿಯವರನ್ನು ಔರಾದಿನಿಂದ ಭಾಲ್ಕಿಗೆ ಇದೇ ಜೀಪಿನಲ್ಲಿ ಕರೆದೊಯ್ದಿದ್ದರು. ಆಗ ಜೀಪಿಗಿದ್ದದ್ದು ಕ್ಯಾನ್ವಾಸ್ ಹೊದಿಕೆ. ಅದು ಮಳೆಯನ್ನು ತಡೆಯುತ್ತಿರಲಿಲ್ಲ, ಸೋಸಿ ಕೊಡುತ್ತಿತ್ತು! ಗಾಳಿಗೆ ಫಟಫಟ ಬಡಿದುಕೊಳ್ಳುವ ಅದರ ಆರ್ಭಟದಲ್ಲಿ, ಸ್ಟೇರಿಂಗ್ ಹಿಡಿದವನಿಗೆ ಹಿಂದಿನ ಸೀಟಿನವರು ಕೂಗಿ ಸತ್ತರೂ ಕೇಳಿಸುತ್ತಿರಲಿಲ್ಲ. ಚರ್ಚಿನ ಬಾಗಿಲಲ್ಲಿ ಇಳಿದ ಅತ್ತೆ ರೇಷ್ಮೆ ಸೆರಗು ಹಿಂಡುತ್ತ, ನೆರೆದ ಬೀಗರೆದುರು ಹೇಳಿಯೇ ಬಿಟ್ಟರು: “ನಮ್ಮ ಅಳಿಯಂದ್ರು ಭಾಳ ದೈವಭಕ್ತರ್ರಿ! ದಾರಿಯಾಗೇ ನನಗ ಎರಡನೇ ಸಲ ದೀಕ್ಷಾಸ್ನಾನ ಮಾಡಿಸ್ಯಾರ!”

ಬೀಗರು ನಕ್ಕರು. ಪಾಸ್ಟರ್ ಕೂಡ ನಕ್ಕರು. ಅಂದಿನಿಂದ ಅತ್ತೆ ಆ ಜೀಪು ಹತ್ತಿಲ್ಲ. ಈಗ ರೂಬಿಯ ಕೂಸಿನ ದೀಕ್ಷಾಸ್ನಾನ, ಅದೇ ಭಾಲ್ಕಿಯಲ್ಲಿ, ಅದೇ ಬೀಗರೆದುರು. ಅತ್ತೆಯನ್ನು ಒಣ ಸೀರೆಯಲ್ಲಿ ಇಳಿಸದಿದ್ದರೆ ಮಾಸ್ತರರು ಆ ಊರಲ್ಲಿ ತಲೆಯೆತ್ತುವಂತಿರಲಿಲ್ಲ.

ಗಾಂಧಿ ಗಂಜ ಮಾರುಕಟ್ಟೆಯ ಹಿಂದೆ ಲಾರಿ ಬಾಡಿ ಕಟ್ಟುವ ಹಬೀಬನ ಬಳಿ, ಯಾವುದೋ ಜೀಪಿನಿಂದ ಬಿಚ್ಚಿಟ್ಟ ಫೈಬರ್ ಟಾಪು ಸಿಕ್ಕಿತು.

“ಎರಡು ತಾಸಿನ ಕೆಲಸ, ಸರ್. ಫಿಕರ್ ಬಿಡ್ರಿ!” ಎಂದ ಹಬೀಬ.

ಆ ಎರಡು ತಾಸು ಮಾಸ್ತರರ ಅಂಗಳದಲ್ಲಿ ವಾರವೆಲ್ಲ ನಡೆಯಿತು. ಟಾಪು ಮುಂದಕ್ಕೆ ನಾಲ್ಕು ಬೆರಳು ಗಿಡ್ಡ. ಅದಕ್ಕಾಗಿ ಎದುರು ಗಾಜಿನ ಚೌಕಟ್ಟನ್ನು ಹಿಂದಕ್ಕೆ ಎಳೆದರು. ಚೌಕಟ್ಟು ಹಿಂದೆ ಬಂತು, ಬಾಗಿಲು ಮುಚ್ಚಲಿಲ್ಲ. ಬಾಗಿಲು ಉಜ್ಜಿದರು. ಮುಚ್ಚಿತು, ತೆರೆಯಲಿಲ್ಲ! ಮಾಸ್ತರರು ಒಳಗಿದ್ದರು!

“ಉಸಿರು ಆಡ್ತದೇನ್ರಿ?” ಎಂದು ಗಾಜಿಗೆ ಬಾಯಿಟ್ಟು ಕೂಗಿದಳು ಎಸ್ತರ.

“ನನ್ನ ಉಸಿರು ಬಿಡು! ನೀರು ಹೊಯ್ಯಿ, ಸೋರ್ತದೇನು ನೋಡೂನು!”

ಆಕೆ ಮಾಳಿಗೆ ಹತ್ತಿ ಬಕೆಟ್ ಬೋರಲು ಹಾಕಿದಳು. ಇಡೀ ಟಾಪಿನಲ್ಲಿ ಒಂದೇ ಒಂದು ಸಂದು, ಅದೂ ಮಾಸ್ತರರ ನೆತ್ತಿಯ ಮೇಲೆಯೇ! ಆ ಸಂದಿಗೆ ಕ್ರಿಸ್ಮಸ್ ಕೇಕಿಗೆ ಕೆನೆ ಬಳಿದಂತೆ ಅಂಟು ಬಳಿದರು. ಸುತ್ತ ರಬ್ಬರು ಕೂಡಿಸಿದರು. ಸದ್ದು ಪೂರ್ತಿ ಅಡಗಲಿ ಎಂದು ಒಳಮೈಗೆಲ್ಲ ಫೋಮು ಮೆತ್ತಿದರು. ಹಬೀಬ ಬೇಸತ್ತು, “ಸರ್, ಇದು ಜೀಪೋ ಗಾದಿಯೋ?” ಎಂದು ಕೇಳಿದ.

ಆ ದಿನ ಬಂತು, ಮಳೆಯೂ ಬಂತು. ಔರಾದಿನಲ್ಲಿ ಜೆಮಿಮಾಬಾಯಿ ಪ್ಲಾಸ್ಟಿಕ್ ಹಾಳೆ ಹೊದ್ದು ನಿಂತಿದ್ದರು. “ಅಳಿಯಂದ್ರ, ಒಳಗ ಛತ್ರಿ ಬಿಡಿಸಾಕ ಜಾಗ ಅದ ಏನ್ರಿ?”

“ಛತ್ರಿ ಮನ್ಯಾಗೇ ಇಟ್ಟು ಬರ್ರಿ, ಅತ್ತಿಯವರ!”

ಜೀಪು ಊರು ದಾಟಿತು. ಹೊರಗೆ ಧೋ ಎನ್ನುವ ಮಳೆ, ಒಳಗೆ ಒಂದು ಹನಿಯಿಲ್ಲ, ಸದ್ದಿಲ್ಲ. ಅತ್ತೆ ಟಾಪಿನ ಒಳಮೈ ಸವರಿ ಅಂಗೈ ನೋಡಿಕೊಂಡರು. “ಭಾಳ ಛಲೋ ಆಗ್ಯಾದ್ರಿ,” ಎಂದರು. ಮದುವೆಯಾದಂದಿನಿಂದ ಅತ್ತೆಯ ಬಾಯಲ್ಲಿ ಮೊದಲ ಮೆಚ್ಚುಗೆ! ಮಾಸ್ತರರಿಗೆ ಸ್ವರ್ಗಕ್ಕೆ ಎರಡೇ ಗೇಣು ಉಳಿಯಿತು.

“ಪ್ರಾರ್ಥನಿ ಮಾಡೂನು,” ಎಂದು ಅತ್ತೆ ಕಣ್ಣು ಮುಚ್ಚಿದರು.

ಪ್ರಯಾಣದಲ್ಲಿ ಪ್ರಾರ್ಥನೆ ಅವರ ಪದ್ಧತಿ. ಬೇರೆಯವರದು ಊರ ಅಗಸಿ ಬಾಗಿಲಿಗೆ ಮುಗಿದರೆ ಅವರದು ಮುಟ್ಟುವ ಊರಿಗೇ ಮುಗಿಯುವುದು. ನಡುವೆ ಬಾಯಿ ಹಾಕುವಂತಿಲ್ಲ. ಆಮೆನ್ ಅಂದಮೇಲೆ ಅದು ದೇವರೆದುರು ಕೊಟ್ಟ ಮಾತು, ತಪ್ಪುವಂತಿಲ್ಲ. ಕ್ಯಾನ್ವಾಸಿನ ಕಾಲದಲ್ಲಿ ಮಾಸ್ತರರು ಕನ್ನಡಿಯಲ್ಲಿ ಅತ್ತೆಯ ತುಟಿ ನಿಂತದ್ದು ಕಂಡಾಗಲೆಲ್ಲ “ಆಮೆನ್!” ಎಂದು ಗರ್ಜಿಸಿ ಪುಣ್ಯ ಕಟ್ಟಿಕೊಳ್ಳುತ್ತಿದ್ದರು. ಈವತ್ತು ಮೊದಲ ಸಲ ಪ್ರಾರ್ಥನೆ ಕೇಳಿಸಿತು.

“ಪರಲೋಕದ ತಂದೀ, ಗಾಡಿ ನಡಸೂ ಈ ನಿನ್ನ ಮಗನ್ನ ನೋಡು. ಮನುಷ್ಯಾ ಛಲೋ, ಆದ್ರ ಮೊಂಡ. ಚರ್ಚಿನಾಗ ಮೊದಲನೇ ಹಾಡು ಮುಗೀತದ, ಇವ್ರ ಹಲ್ಲುಜ್ಜೂದು ಮುಗಿಯೂದಿಲ್ಲ. ನನ್ನ ಮಗಳು ರಾತ್ರಿ ಡ್ಯೂಟಿ ಮುಗಿಸಿ ಬಂದ್ರ ಒಂದು ಕಪ್ ಚಾ ಕಾಸೂದಿಲ್ಲ…”

‘ಹೋದ ವಾರ ಕಾಸೀನಲ್ಲ!’ ಎಂದು ನಾಲಿಗೆ ತುದಿಗೆ ಬಂತು. ಆದರೆ ದೇವರ ಜೊತೆ ಮಾತಾಡುತ್ತಿರುವವರೊಂದಿಗೆ ವಾದ ಹೂಡುವುದು ಹೇಗೆ? ಮಾಸ್ತರರು ಖಾಲಿ ರಸ್ತೆಯಲ್ಲಿ ಹಾರ್ನ್ ಒತ್ತಿದರು.

“ಪ್ರಾರ್ಥನಿ ನಡದದ್ರಿ!” ಎಂದು ಎಸ್ತರ ಗದರಿದಳು.

“ತಂದೀ, ರೂಬಿ ಮದುವಿಗಿ ಹೋಗೂ ಮುಂದ ಇಲ್ಲೇ ತೊಯ್ಕೋತ ಕುಂತು ನಿನ್ನ ಬೇಡಿದ್ದೆ. ಈ ಜೀಪಿಗಿ ಗಟ್ಟಿ ಟಾಪು ಕೊಡು, ಪ್ರತಿ ಐತವಾರ ಅಳಿಯಂದ್ರು ನಮ್ಮ ಸ್ತ್ರೀ ಸಂಘದವ್ರನ್ನ ಊರೂರಿಗಿ ಪ್ರಾರ್ಥನಿಗಿ ಕರಕೊಂಡು ಹೋಗ್ತಾರ ಅಂದಿದ್ದೆ. ಇವ್ರೂ ಆಮೆನ್ ಅಂದ್ರು. ಈಗ ಟಾಪು ಬಂತು! ಮುಂದಿನ ಐತವಾರ ಜನವಾಡದಿಂದ ಸುರು ಮಾಡ್ತೇವು. ಸಂಘದಾಗ ಎಲ್ಲಾರೂ ನನ್ನಂಗ ಪ್ರಾರ್ಥನಿ ಮಾಡೋರೇ. ನಿನ್ನ ಹೆಸರಿನಾಗ ಬೇಡ್ತೇವು, ತಂದೀ.”

ಐತವಾರದ ಮಟನ್ ಊಟ, ಅದರ ಮೇಲಿನ ಗಡದ್ದು ನಿದ್ದೆ, ಎಲ್ಲ ಮಾಸ್ತರರ ಕಣ್ಣೆದುರೇ ಮಳೆಯಲ್ಲಿ ಕೊಚ್ಚಿಹೋದವು. ಕನ್ನಡಿಯಲ್ಲಿ ನೋಡಿದರೆ ತಾಯಿ ಮಗಳು ಇಬ್ಬರೂ ಕಣ್ಣು ಮುಚ್ಚಿ ಕಾಯುತ್ತಿದ್ದಾರೆ. ಜೀಪಿನೊಳಗೆ ಸೊಳ್ಳೆ ಹಾರಿದರೂ ಕೇಳಿಸುವಷ್ಟು ನಿಶ್ಶಬ್ದ.

“ಆಮೆನ್,” ಎಂದು ಗೊಣಗಿದರು.

“ಇಷ್ಟು ಸಣ್ಣ ದನಿ ಯಾಕ್ರಿ?” ಎಂದಳು ಎಸ್ತರ, ಕಣ್ಣು ತೆರೆಯದೆಯೇ. “ಆವತ್ತು ಅಷ್ಟು ಗದ್ದಲದಾಗೂ ನೀವು ಆಮೆನ್ ಅಂದಿದ್ದು ಎಷ್ಟು ಛಂದ ಕೇಳಿಸಿತ್ತು!”