ಮೀನು ಮಿಂದ ಎಣ್ಣೆಯಲ್ಲಿ ನಮ್ಮ ಆಲೂಗಡ್ಡೆ: ಬಾಣಲೆಯವರಿಗೊಂದು ಬಹಿರಂಗ ಪತ್ರ

ಅಮೆರಿಕೆಯ ಎಡಿಸನ್ ರೈಲು ನಿಲ್ದಾಣದೆದುರು ಮೀನು, ಆಲೂಗಡ್ಡೆ ಕರಿದು ಮಾರುವ ಇಂಗ್ಲಿಷ್ ಅಂಗಡಿಯಲ್ಲಿ ದಿನವಿಡೀ ಕುದಿಯುತ್ತಿದ್ದರೂ ಯಾರ ಮೇಲೂ ಕೋಪಿಸಿಕೊಳ್ಳದ ಶ್ರೀ ಎಣ್ಣೆಬಾಣಲೆ ಮಹಾಶಯರ ಸನ್ನಿಧಿಗೆ, ಅಮರೇಶ್ವರನು ಕೊಂಚ ದೂರದಿಂದಲೇ (ಎಣ್ಣೆ ಸಿಡಿಯುತ್ತದೆ) ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ಗದಗಿನಲ್ಲಿ ಕಂಪನಿ ನಾಟಕಗಳ ಮುಂದಿನ ಸಾಲಿನಲ್ಲಿ ಕೂತು ಬೆಳೆದ ನಾನು ಎಷ್ಟೋ ಖಳನಾಯಕರನ್ನು ಕಂಡಿದ್ದೇನೆ. ಆದರೆ ಮೀಸೆ ತಿರುವದೆ, ಗಹಗಹಿಸದೆ, ಬರೀ ಚುಂಯ್ ಎನ್ನುತ್ತಲೇ ಒಂದು ಸಂಸಾರವನ್ನು ಮುಳುಗಿಸಿದವರು ತಾವೊಬ್ಬರೇ!

ನನ್ನ ಮಡದಿ ಕೌಸಲ್ಯಾ ತುಂಬು ಬಸುರಿ. ಬಾಣಂತನಕ್ಕೆಂದು ಊರಿನಿಂದ ಬಂದಿಳಿದ ಅತ್ತೆ ವೀರಬಸಮ್ಮನವರು, ಕೊರಳಲ್ಲಿ ಲಿಂಗ ಧರಿಸಿದವರು, ಈ ದೇಶದಲ್ಲಿ ಹೊರಗಿನದೇನನ್ನೂ ಮುಟ್ಟದೆ ತಾವು ಕರಿದುಕೊಡುವ ಆಲೂಗಡ್ಡೆ ಹೋಳುಗಳ ಚಿಪ್ಸನ್ನು ಮಾತ್ರ ಒಪ್ಪಿಕೊಂಡಿದ್ದರು. ಕೌಂಟರಿನಲ್ಲಿ ‘ನೋ ಫಿಶ್ ಪ್ಲೀಸ್’ ಎಂದು ಗರ್ಜಿಸಿ ನಾನು ಬರೀ ಆಲೂಗಡ್ಡೆ ಕಟ್ಟಿಸಿ ತರುತ್ತಿದ್ದೆ. ಪೊಟ್ಟಣದಲ್ಲಿ ಮೀನಿಲ್ಲದಿದ್ದರೆ ಅದು ಶುದ್ಧ ಸಸ್ಯಾಹಾರವೆಂಬುದು ನ್ಯೂಜೆರ್ಸಿಯ ನಮ್ಮವರ ಅಚಲ ನಂಬಿಕೆ. ವಿನಿಗರ್ ಚಿಮುಕಿಸಿಕೊಂಡು ತಿಂದ ಅತ್ತೆ ಇಡೀ ಅಮೆರಿಕೆಯನ್ನೇ ಕ್ಷಮಿಸಿಬಿಟ್ಟರು.

ಕಳೆದ ಶನಿವಾರ ಇಲ್ಲಿ ಕೂಡಿ ವಚನ ಹಾಡುವ ‘ಅಕ್ಕನ ಬಳಗ’ದ ಹೆಂಗಸರಿಗೂ ರುಚಿ ತೋರಿಸಲೆಂದು ಅವರೇ ಮೆರವಣಿಗೆ ಹೊರಡಿಸಿದರು. ಅಯ್ಯೋ ವಿಧಿಯೇ! ತಮ್ಮನ್ನು ಗಿರಾಕಿಗಳ ಕಣ್ಣಿನಿಂದ ಮರೆಮಾಡುತ್ತಿದ್ದ ಪರದೆ ಅಂದೇ ಒಗೆತಕ್ಕೆ ಹೋಗಬೇಕೆ? ಹಿಟ್ಟಿನ ಅಂಗಿ ತೊಟ್ಟ ಮೀನೊಂದು ತಮ್ಮೊಳಗೆ ಜಲಕ್ರೀಡೆಯಾಡಿ ಎದ್ದುಹೋದದ್ದನ್ನೂ, ಅದರ ಬೆನ್ನಿಗೇ ನಮ್ಮ ಆಲೂಗಡ್ಡೆ ಅಲ್ಲಿಗೇ ಧುಮುಕಿದ್ದನ್ನೂ ಬಳಗವೆಲ್ಲ ಕಣ್ಣಾರೆ ಕಂಡಿತು. “ಅಳಿಯಂದ್ರ, ಇಷ್ಟು ದಿನಾ ನನಗ ಮೀನ ಜಳಕಾ ಮಾಡಿದ ಎಣ್ಣ್ಯಾಗಿಂದು ತಿನಿಸೀರೇನ್ರೀ?” ಎಂದವರೇ ಮನೆಗೆ ಬಂದು ಪೆಟ್ಟಿಗೆ ಕಟ್ಟಿಟ್ಟು, ಊರಿಗೆ ಹೊರಟು ನಿಂತಿದ್ದಾರೆ.

ಮೀನು, ಆಲೂಗಡ್ಡೆ ಎಂಬ ಭೇದವೆಣಿಸದ ತಮ್ಮ ಸಮದೃಷ್ಟಿಗೆ ಶರಣರ ನಾಡಿನವನಾದ ನಾನು ತಲೆಬಾಗಲೇಬೇಕು. ಆದರೆ ಪ್ರಭುವೇ, ಹೆರಿಗೆಯಾದ ಮೇಲೆ ನನ್ನ ಹೆಂಡತಿಗೆ ಎಣ್ಣೆ ಹಚ್ಚಿ ನೀರೆರೆಯಲು ತಾವು ಬರುವಿರಾ? ಆದ್ದರಿಂದ ಆಲೂಗಡ್ಡೆಗಾಗಿ ತಮಗೊಬ್ಬ ತಮ್ಮನನ್ನು ಪಕ್ಕದಲ್ಲೇ ಪ್ರತಿಷ್ಠಾಪಿಸಿಕೊಳ್ಳಬೇಕು. ಆಗದಿದ್ದರೆ ತಮ್ಮಲ್ಲಿಗಿಳಿಯುವ ಪ್ರತಿಯೊಂದು ಮೀನಿನಿಂದಲೂ ಹುಟ್ಟಾ ಸಸ್ಯಾಹಾರಿಯೆಂದು ಪ್ರಮಾಣ ಮಾಡಿಸಬೇಕೆಂದು ಕೋರುವ,

ತಮ್ಮ ವಿಶ್ವಾಸಿ (ಕಳೆದ ಶನಿವಾರದವರೆಗೆ),
ಅಮರೇಶ್ವರ

ತಾ.ಕ.: ತಮ್ಮ ದಯೆಯ ಅಗತ್ಯ ಬೀಳಲಿಲ್ಲ. ಚಿಪ್ಸಿನ ಚಪಲ ಬಿಡಲಾಗದೆ ಅತ್ತೆ ಇಂದು ಬೆಳಿಗ್ಗೆ ಪೆಟ್ಟಿಗೆ ಬಿಚ್ಚಿ, ಊರಿನಿಂದ ತಂದಿದ್ದ ಬಾಣಲೆಯನ್ನು ಹೊರತೆಗೆದು, ಸ್ಮೋಕ್ ಅಲಾರಮ್ಮಿನ ನಾಂದಿಯೊಡನೆ ಆಲೂಗಡ್ಡೆ ಕರಿದರು. ಬಾಣಂತನ ಮುಗಿಯುವವರೆಗಲ್ಲ, ಮಗುವಿಗೆ ಹಲ್ಲು ಬರುವವರೆಗೂ ಇರುತ್ತಾರಂತೆ. ವಾಸನೆ ಹಿಡಿದು ಬಂದು ಪೊಟ್ಟಣ ಕಟ್ಟಿಸಿಕೊಂಡು ಹೋದವರಲ್ಲಿ ಮೊದಲಿಗರು ತಮ್ಮ ಅಂಗಡಿಯ ಮಾಲೀಕರು.