ಭಾಗಣ್ಣನ ಎದೆಯ ಫೋಟೊ

ಗೋಗಿಯ ಭಾಗಣ್ಣನ ಎದೆ ಬಡಿಯುವುದು ಬೇಸಿಗೆಯಲ್ಲಿ ಭೀಮಾ ನದಿ ಹರಿಯುವಷ್ಟು ನಿಧಾನ. ಹೀಗೆಂದು ಹೇಳಿದ್ದು ಯಾವ ಡಾಕ್ಟರೂ ಅಲ್ಲ, ಸ್ವತಃ ಭಾಗಣ್ಣ. ಬೆನ್ನ ಹಿಂದೆ ಸಿಡಿಲು ಬಿದ್ದರೂ ತನ್ನ ಎದೆ ಕೈಯಲ್ಲಿದ್ದ ಕೆಲಸ ಮುಗಿಸಿ ಆಮೇಲೆ ಬೆದರುತ್ತದೆ ಎಂದು ಅವನು ಊರ ಕಟ್ಟೆಯ ಮೇಲೆ ಕೂತು ಸಾರಿಬಿಟ್ಟಿದ್ದ.

ಇಂಥ ಎದೆಯ ಫೋಟೊ ತೆಗೆಸಿಕೊಂಡು ಬಾ ಎಂದರೆ ಅವಮಾನವಲ್ಲವೇ? ಶಹಾಪುರದ ಡಾಕ್ಟರು ಬಿಡಲಿಲ್ಲ. ಸಕ್ಕರೆ ಕಾಯಿಲೆ ಹಳೆಯದಾದರೆ ನರಗಳು ಮಂಕಾಗುತ್ತವೆ, ಹೃದಯದ ರಕ್ತನಾಳ ಕಟ್ಟಿಕೊಳ್ಳುತ್ತ ಬಂದರೂ ನೋವು ಗೊತ್ತಾಗದೆ ಹೋಗಬಹುದು, ಯಾದಗಿರಿಗೆ ಹೋಗಿ ಹೃದಯದ ಸಿ.ಟಿ. ಸ್ಕ್ಯಾನ್ ಮಾಡಿಸು ಎಂದರು. ಭಾಗಣ್ಣ ಒಪ್ಪಿದ್ದು ಅವರ ಮಾತಿಗಲ್ಲ, ಹೋಳಿಗೆಗೆ. ಕೆಂಭಾವಿಯಲ್ಲಿ ಹೆಂಡತಿಯ ತಮ್ಮನ ಮಗಳ ಮದುವೆಯಿತ್ತು. ಫೋಟೊ ಸ್ವಚ್ಛ ಬಂದರೆ ಅಲ್ಲಿ ಒಂದು ಹೋಳಿಗೆ, ತುಪ್ಪದ ಸಮೇತ, ಎಂದು ಮರಿಲಿಂಗಮ್ಮ ಗಂಡನಿಗೆ ಮಾತು ಕೊಟ್ಟಿದ್ದಳು. ಹೋಳಿಗೆಯ ಮುಖ ನೋಡದೆ ಅವನಿಗೆ ಯುಗಗಳೇ ಕಳೆದಿದ್ದವು. ಕನಸಿನಲ್ಲಿ ಬಂದ ಹೋಳಿಗೆಯನ್ನೂ ಅವಳು ನಡುವೆ ಎಬ್ಬಿಸಿ ಕಸಿದುಕೊಂಡಿದ್ದಳು.

ಸ್ಕ್ಯಾನಿನ ಹಿಂದಿನ ದಿನದಿಂದ ಚಹಾ ಮುಟ್ಟಬೇಡ ಎಂದು ಡಾಕ್ಟರು ಹೇಳಿದ್ದರು. ಆದರೆ ಸಕ್ಕರೆ ಕಾಯಿಲೆ ಇರುವ ಮನೆಯಲ್ಲಿ ಡಾಕ್ಟರು ಏನು ಬೇಡವೆಂದರೂ ಅದರೊಳಗಿನ ಸಕ್ಕರೆ ಬೇಡ ಎಂದೇ ಲೆಕ್ಕ. ಮೇಲಾಗಿ, ದವಾಖಾನೆಗೆ ಹೊರಟವನನ್ನು ಚಹಾ ಕುಡಿಸದೆ ಕಳಿಸುವ ಮನೆಯನ್ನು ಆ ಸೀಮೆಯಲ್ಲಿ ಇನ್ನೂ ಯಾರೂ ಕಟ್ಟಿಲ್ಲ.

ಹೊರಡುವ ಹೊತ್ತಿಗೆ ಪಕ್ಕದ ಮನೆಯ ಭೀಮಾಬಾಯಿ ಕಪ್ಪು ಹಿಡಿದು ದಾರಿ ಅಡ್ಡಗಟ್ಟಿದಳು. ಆಟೊದ ಮುಷರಫ ಶಹಾಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿಸಿ, ಚಹಾ ಕುಡಿಸದೆ ಹೋದರೆ ಅಲ್ಲಾಹನಿಗೆ ಏನು ಮುಖ ತೋರಿಸಲಿ ಎಂದ. ಬಸ್ಸಿನಲ್ಲಿ ಸಿಕ್ಕ ದೂರದ ಬೀಗರು ಯಾದಗಿರಿಯಲ್ಲಿ ಇಳಿದವರೇ ಹೋಟೆಲಿಗೆ ಎಳೆದೊಯ್ದು ಎರಡೆರಡು ಸಲ ಕುಡಿಸಿದರು. ಎಲ್ಲರದೂ ಸಕ್ಕರೆ ಇಲ್ಲದ ಚಹಾ. ಸಕ್ಕರೆ ಉಳಿಸಿದ ಪಾಪಕ್ಕೆ ಎಲ್ಲರೂ ಪುಡಿಯನ್ನು ಮುಷ್ಟಿಗಟ್ಟಲೆ ಸುರಿದಿದ್ದರು. ಆ ಚಹಾ ಎಷ್ಟು ಗಟ್ಟಿಯಿತ್ತೆಂದರೆ ಕಪ್ಪು ಬೋರಲು ಹಾಕಿದರೂ ಬೀಳಲೋ ಬೇಡವೋ ಎಂದು ಯೋಚಿಸುತ್ತಿತ್ತು. ಪ್ರತಿ ಕಪ್ಪಿನ ಮೊದಲ ಗುಟುಕನ್ನು ಮರಿಲಿಂಗಮ್ಮ ತಾನೇ ಹೀರಿ, ನಾಲಿಗೆ ಚಪ್ಪರಿಸಿ, "ಸಪ್ಪಗದ. ಕುಡೀರಿ" ಎಂದು ಅಪ್ಪಣೆ ಕೊಟ್ಟಳು.

ಸ್ಕ್ಯಾನ್ ಮಾಡುವ ಚಂದ್ರಕಲಾ ಭಾಗಣ್ಣನ ಬೆರಳಿಗೆ ಕ್ಲಿಪ್ಪು ಹಾಕಿದಳು. ಪರದೆಯ ಮೇಲೆ ನೂರಾ ಹತ್ತು! ಬೇಸಿಗೆಯ ಭೀಮೆಗೆ ಮಹಾಪೂರ ಬಂದಿತ್ತು.

"ಕಾಕಾ, ಚಾ ಕುಡುದೀರೇನು?"

"ಕುಡುದೇನವಾ. ಸಕ್ಕರಿ ಇಲ್ಲದ್ದು," ಎಂದ ಭಾಗಣ್ಣ, ಬಹುಮಾನಕ್ಕೆ ಕೈ ಚಾಚುವವನಂತೆ.

"ಸಕ್ಕರಿ ಸುದ್ದಿ ಯಾರು ತಗದಾರ್ರಿ? ಚಾ ಕುಡುದ್ರ ಎದಿ ಓಡತದ. ಓಡೋ ಎದಿದು ಫೋಟೊ ಮಸುಕ ಬರತದ."

"ಒಂದೊಂದು ಕಪ್ಪೂ ನಾನೇ ರುಚಿ ನೋಡೀನವಾ," ಎಂದು ಮರಿಲಿಂಗಮ್ಮ ಸಾಕ್ಷಿ ನುಡಿದಳು.

ಅಲ್ಲಿನ ಡಾಕ್ಟರು ಬಂದು, ಬಡಿತ ಅರವತ್ತರ ಆಸುಪಾಸಿಗೆ ಇಳಿಯಲೆಂದು ಗುಳಿಗೆ ಕೊಟ್ಟು, ಮಂಚದ ಮೇಲೆ ಮಲಗಿಸಿ, ಮನಸ್ಸಿಗೆ ಹಿತವಾದದ್ದೇನಾದರೂ ನೆನೆಸಿಕೋ ಎಂದರು. ಎಷ್ಟೋ ಹೊತ್ತಿನ ಮೇಲೆ ಅಂಕಿ ಎಂಬತ್ತಕ್ಕೆ ಬಂತು. ಅಷ್ಟರಲ್ಲಿ ಭಾಗಣ್ಣನಿಗೆ ಹಿತವಾದದ್ದು ನೆನಪಾಯಿತು. ಹಂಚಿನ ಮೇಲೆ ಅದು ಉಬ್ಬಿತು, ಎಲೆಗೆ ಬಿತ್ತು, ಮೇಲೆ ತುಪ್ಪ ಸುರಿಯಿತು. ಅಂಕಿ ತೊಂಬತ್ತೈದು! ಗಂಡನ ಮುಖದ ಮೇಲಿನ ನಗು ನೋಡಿಯೇ ಮರಿಲಿಂಗಮ್ಮನಿಗೆ ಎಲ್ಲ ತಿಳಿಯಿತು. ಕಿವಿಯ ಹತ್ತಿರ ಬಾಗಿ, "ಹೋಳಿಗಿ ಎಲ್ಲಿ ಓಡಿ ಹೋಗಂಗಿಲ್ಲ, ಸುಮ್ಮ ಮಲಕೋರಿ" ಎಂದು ಸಮಾಧಾನ ಹೇಳಿದಳು. ನೂರಾ ಎರಡು.

ಚಂದ್ರಕಲಾ ಅವಳ ರಟ್ಟೆ ಹಿಡಿದು ಹೊರಗೆ ಕೂರಿಸಿ ಬಾಗಿಲು ಹಾಕಿದಳು. ಅಂಕಿ ಜಾರುಬಂಡೆಯ ಮೇಲೆ ಕೂತಂತೆ ಅರವತ್ತೆರಡಕ್ಕೆ ಬಂದು ನಿಂತಿತು. ಇಳಿದದ್ದು ಗುಳಿಗೆಯಿಂದಲೋ ಹೆಂಡತಿ ಹೊರಗೆ ಹೋದದ್ದರಿಂದಲೋ ಎಂಬುದನ್ನು ವಿಜ್ಞಾನ ಇನ್ನೂ ತೀರ್ಮಾನಿಸಿಲ್ಲ.

ಫೋಟೊ ಬಂತು. ಒಂದು ರಕ್ತನಾಳ ಅರ್ಧದಷ್ಟು ಕಿರಿದಾಗಿತ್ತು. ಕೊಯ್ಯುವ ಅಗತ್ಯವಿಲ್ಲ, ಆದರೆ ದಿನಾ ಗುಳಿಗೆ, ದಿನಾ ನಡಿಗೆ, ಸಿಹಿಗೆ ದೂರದಿಂದಲೇ ಶರಣು ಎಂದರು ಡಾಕ್ಟರು.

ಜೀವಮಾನದಲ್ಲಿ ಮೊದಲ ಸಲ ಭಾಗಣ್ಣ ತನ್ನ ಎದೆಯ ಮೇಲೆ ತಾನೇ ಚಾಡಿ ಹೇಳಿದ. "ಫೋಟೊ ಮಸುಕ ಬಂದಿರಬೇಕ್ರಿ ಡಾಕ್ಟ್ರೇ. ಭಾಳ ಚಾ ಕುಡುದಿದ್ದೆ. ಎದಿ ಓಡಾಕತ್ತಿತ್ತು."

"ಇಷ್ಟು ಸ್ವಚ್ಛ ಫೋಟೊ ಈ ತಿಂಗಳದಾಗ ಯಾರದೂ ಬಂದಿಲ್ಲ," ಎಂದರು ಡಾಕ್ಟರು. "ಒಳ್ಳೇ ಟೈಮಿಗೆ ಬಂದೀರಿ ಬಿಡ್ರಿ."

ಸ್ವಚ್ಛ ಎಂಬ ಮಾತು ಹಿಡಿದು ಭಾಗಣ್ಣ ಆಸೆಯಿಂದ ಹೆಂಡತಿಯ ಕಡೆ ನೋಡಿದ. ಅವಳು ನೋಡಿದ ರೀತಿಗೆ, ಆ ಆಸೆ ಅಲ್ಲೇ ಚಪ್ಪಲಿ ಹಾಕಿಕೊಂಡು ಹೊರಟುಹೋಯಿತು.

ಕೆಂಭಾವಿಯ ಮದುವೆಗೆ ಸುದ್ದಿ ಅವನಿಗಿಂತ ಮುಂಚೆ ತಲುಪಿತ್ತು. ಬೀಗರು ಅವನನ್ನು ಕೈಹಿಡಿದು ಮೊದಲ ಪಂಕ್ತಿಯಲ್ಲೇ ಕೂರಿಸಿದರು. ಅಡುಗೆಯವರಿಗೆ ಹೇಳಿ, ಅವನೊಬ್ಬನಿಗೆಂದೇ, ಬೆಲ್ಲ ಹಾಕದ ಹೋಳಿಗೆ ಮಾಡಿಸಿದ್ದರು. ಬರೀ ಬೆಂದ ಬೇಳೆ, ಹಿಟ್ಟಿನ ಕಂಬಳಿ ಹೊದ್ದು, ಎಲೆಯ ಮೇಲೆ ಮಲಗಿತು. ಮರಿಲಿಂಗಮ್ಮ ಅದರ ಚೂರು ಮುರಿದು ಬಾಯಿಗೆ ಹಾಕಿ ನಾಲಿಗೆ ಚಪ್ಪರಿಸಿದಳು.

"ಸಪ್ಪಗದ. ಉಣ್ರಿ."

ಗಂಡನದರಲ್ಲಿ ಬೆಲ್ಲ ಇಲ್ಲವೆಂದು ಖಾತ್ರಿಯಾಯಿತು. ಇನ್ನು ತನ್ನದರಲ್ಲಿ ಇದೆಯೋ ಇಲ್ಲವೋ ಎಂದು, ಮೇಲೆ ತುಪ್ಪ ಹಾಕಿಸಿಕೊಂಡು, ಅವಳು ಮತ್ತೆ ಮತ್ತೆ ಖಾತ್ರಿ ಮಾಡಿಕೊಳ್ಳುತ್ತ ಕೂತಳು.