ನಲವತ್ತರಲ್ಲಿ ಮೂವತ್ತೊಂದು

ಬಿಂದುಮಾಧವ ಆ ಬೆಳಿಗ್ಗೆ ಸ್ನಾನಕ್ಕೆ ಹೋಗುವ ಮುಂಚೆ ಎರಡು ಕಾಗದದ ಕಟ್ಟುಗಳ ಮೇಲೆ ಒಂದು ತಂಬಿಗೆಯನ್ನಾದರೂ ಹೇರಿಟ್ಟಿದ್ದರೆ ಅವನ ಪಾಡು ಬೇರೆಯಾಗುತ್ತಿತ್ತು. ಇಡಲಿಲ್ಲ. ಮಾರ್ಚ್ ತಿಂಗಳ ನಾಗಪುರದ ಬಿಸಿಗಾಳಿ ಕಿಟಕಿಯಿಂದ ನುಗ್ಗಿ, ಕಟ್ಟುಗಳ ಮೇಲಿದ್ದ ಎರಡು ಚೀಟಿಗಳನ್ನು ಎತ್ತಿಕೊಂಡು ಹೋಗಿ ಅಡುಗೆಮನೆಯ ಹೊಸ್ತಿಲಿಗೆ ಕೆಡವಿತು.

ಬಿಂದುಮಾಧವ ಧಾರವಾಡದವನು. ಮೂರು ವರ್ಷದಿಂದ ಊರಂಚಿನ ಒಂದು ಸಣ್ಣ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ. ಹಾಸ್ಟೆಲಿನ ಹುಡುಗರು ವಿಪರೀತ ಕುಡಿಯುತ್ತಾರೆಂದು ಊರಲ್ಲಿ ಗುಲ್ಲೆದ್ದಾಗ ಪ್ರಿನ್ಸಿಪಾಲ್ ಉಮರೇಡಕರರು ಕುಡಿತ ತಗ್ಗಿಸಲು ಒಂದು ಸಮಿತಿ ಮಾಡಿದರು. ಮೊದಲ ಸಭೆಯಲ್ಲೇ ಬಿಂದುಮಾಧವ ಎದ್ದು, "ತಗ್ಗಿಸುವ ಮೊದಲು ಎಷ್ಟಿದೆ ಅಂತ ಎಣಿಸಬೇಕಲ್ಲವೇ?" ಎಂದು ಕೇಳಿದ. ಕೇಳಿದವನ ಕೊರಳಿಗೇ ಕೆಲಸ ಬಿತ್ತು. ಹೆಸರು ಬರೆಯದೆ ತುಂಬುವ ಒಂದು ಫಾರಂ ಮಾಡಿದ: ವಾರಕ್ಕೆ ಎಷ್ಟು ಸಲ ಕುಡಿಯುತ್ತೀರಿ, ಎಷ್ಟು, ಯಾಕೆ. ಹೋಲಿಕೆಗೆ ಇರಲಿ ಎಂದು ನಲವತ್ತು ಹುಡುಗರಿಂದಲೂ ನಲವತ್ತು ಸಿಬ್ಬಂದಿಯಿಂದಲೂ ತುಂಬಿಸಿಕೊಂಡ. ಉಮರೇಡಕರರಿಗೆ ಇದು ಬಹಳ ಹಿಡಿಸಿತು. "ಶಿಕ್ಷಕರ ಕಟ್ಟು ಖಾಲಿ ಬರುತ್ತದೆ. ಅದನ್ನು ನೋಡಿಯಾದರೂ ಹುಡುಗರಿಗೆ ನಾಚಿಕೆಯಾಗಲಿ," ಎಂದರು. ಗುಟ್ಟು ಒಡೆಯಬಾರದೆಂದು ಸಮಿತಿಯ ಎದುರಿಗೇ ಕಟ್ಟು ಬಿಚ್ಚುವುದೆಂದು ತೀರ್ಮಾನವಾಯಿತು.

ಬಚ್ಚಲಿನಲ್ಲಿ ಬಿಂದುಮಾಧವ ಮೈಮೇಲೆ ನೀರು ಸುರಿದುಕೊಳ್ಳುತ್ತಿರುವಾಗ ಹೆಂಡತಿ ವತ್ಸಲಾ ಚೀಟಿಗಳನ್ನು ಎತ್ತಿಕೊಂಡಳು. ಅವು ಮರಾಠಿಯಲ್ಲಿದ್ದವು. ಅವಳಿಗೆ ಓದಲು ಬರುವುದು ಕನ್ನಡ ಮಾತ್ರ. ಅಷ್ಟರಲ್ಲಿ ಮೊಸರಿಗೆ ಹೆಪ್ಪು ಕೇಳಲು ಪಕ್ಕದ ಮನೆಯ ಕಾಶಿಬಾಯಿ ಬಂದರು. ಸೊಲ್ಲಾಪುರದ ಕಡೆಯವರು, ಎರಡೂ ಭಾಷೆ ಬಲ್ಲವರು, ಮೇಲಾಗಿ, ಯಾರೂ ಕೇಳದ ಸಹಾಯವನ್ನೇ ಮೊದಲು ಮಾಡುವವರು.

"ಕೊಡ ಇಲ್ಲೆ. ಇದರಾಗ ವಿದ್ಯಾರ್ಥಿ ಅಂತ ಬರದದ, ಇದರಾಗ ಶಿಕ್ಷಕ ಅಂತ," ಎಂದರು ಕಾಶಿಬಾಯಿ.

"ಯಾವ ಕಟ್ಟಿಂದು ಯಾವ ಚೀಟಿರಿ ಅಕ್ಕಾ?"

ಕಾಶಿಬಾಯಿ ಕಟ್ಟುಗಳನ್ನು ಬಗ್ಗಿ ನೋಡಿದರು. ಒಂದರ ಹಾಳೆಗಳ ಮೇಲೆ ಚಹಾದ ಕಲೆ, ಬೀಡಿ ಸುಟ್ಟ ತೂತು, ಕಾಗೆ ಕಾಲಿನಂಥ ಅಕ್ಷರ. ಇನ್ನೊಂದು ಇಸ್ತ್ರಿ ಮಾಡಿದ ಧೋತರದಂತಿತ್ತು.

"ಇದರಾಗ ಕೇಳೋದೇನದ! ಹೊಲಸ ಆಗಿದ್ದು ಹುಡುಗೂರ್ದು, ಬರೋಬರ್ ಇದ್ದದ್ದು ಮಾಸ್ತರ್ದು," ಎಂದು ಚೀಟಿಗಳನ್ನು ಭದ್ರವಾಗಿ ದಾರಕ್ಕೆ ಸಿಗಿಸಿ, ಹೆಪ್ಪು ತೆಗೆದುಕೊಂಡು ಹೋದರು. ವತ್ಸಲಾ ಇದನ್ನು ಗಂಡನಿಗೆ ಹೇಳಬೇಕೆಂದುಕೊಂಡಳು. ಒಲೆಯ ಮೇಲೆ ಹಾಲು ಉಕ್ಕಿತು, ಮರೆತಳು.

ಹನ್ನೊಂದು ಗಂಟೆಗೆ ಸಭೆ ಸೇರಿತು. ಸಮಿತಿಯೆಂದರೆ ಮೂವರೇ: ಉಮರೇಡಕರರು, ಹಾಸ್ಟೆಲಿನ ವಾರ್ಡನ್ ಸಿದ್ದಲಿಂಗಯ್ಯ, ನಮ್ಮ ಬಿಂದುಮಾಧವ. ಸಿದ್ದಲಿಂಗಯ್ಯ ವಿಜಾಪುರದವರು, ಹಣೆಯ ತುಂಬ ವಿಭೂತಿ, ಗುಡುಗಿನಂಥ ದನಿ. ಬಿಂದುಮಾಧವ 'ವಿದ್ಯಾರ್ಥಿ' ಎಂದಿದ್ದ ಕಟ್ಟು ಬಿಚ್ಚಿ ತಲೆ ಬಗ್ಗಿಸಿ ಗೆರೆ ಎಳೆಯತೊಡಗಿದ. ಅಂಕಿ ಕಂಡರೆ ಅವನಿಗೆ ಉಳಿದದ್ದು ಕಾಣುತ್ತಿರಲಿಲ್ಲ. ಎಣಿಸಿ ಮುಗಿಸಿದ ಹಾಳೆಗಳಲ್ಲಿ ಮೇಲಿನ ಕೆಲವನ್ನು ಉಮರೇಡಕರರು ಓದುತ್ತ ಹೋದರು. ಅವರ ಹುಬ್ಬು ಮೇಲೇರುತ್ತ ಏರುತ್ತ ಟೋಪಿಯೊಳಗೆ ಸೇರಿಕೊಂಡಿತು.

"ನಲವತ್ತರಲ್ಲಿ ಮೂವತ್ತೊಂದು ಜನ ಕುಡಿಯುತ್ತಾರೆ. ಹತ್ತೊಂಬತ್ತು ಜನ ವಾರಕ್ಕೆ ಮೂರು ಸಲಕ್ಕಿಂತ ಹೆಚ್ಚು," ಎಂದ ಬಿಂದುಮಾಧವ. ಅವನ ದನಿಯೇ ಅವನಿಗೆ ಅಪರಿಚಿತವಾಗಿತ್ತು.

"ಅರೇ ದೇವಾ!" ಉಮರೇಡಕರರು ಕುರ್ಚಿಗೆ ಒರಗಿದರು. "ಕಾರಣ ಕೇಳಿ. 'ಮನೆಯಲ್ಲಿ ಹೆಂಡತಿ ಮಾತು ನಿಲ್ಲಿಸುವುದಿಲ್ಲ.' ಹೆಂಡತಿಯೇ! ಇಂಟರ್ ಓದುವವನಿಗೆ!"

ಸಿದ್ದಲಿಂಗಯ್ಯ ಕೆಮ್ಮಿದರು. "ಹಳ್ಳಿ ಹುಡುಗರು, ಸಾಹೇಬರ. ಲಗೂನ ಲಗ್ನ ಆಗಿರ್ತದ."

"ಇದನ್ನು ಕೇಳಿ. 'ಮಗಳಿಗೆ ಗಂಡು ಸಿಗುತ್ತಿಲ್ಲ.' ಹತ್ತೊಂಬತ್ತು ವರ್ಷದವನ ಮಗಳಿಗೆ ಗಂಡು! ಕುಡಿತದ ಜೊತೆ ಬಾಲ್ಯವಿವಾಹ! ಸಿದ್ದಲಿಂಗಯ್ಯನವರೇ, ನಿಮ್ಮ ಹಾಸ್ಟೆಲಿನಲ್ಲಿ ಇನ್ನೇನೇನು ನಡೆಯುತ್ತಿದೆ?"

ಮೇಜಿನ ಮೇಲಿನ ಒಂದು ಹಾಳೆಯನ್ನು ಸಿದ್ದಲಿಂಗಯ್ಯ ಹಾವನ್ನು ನೋಡುವಂತೆ ನೋಡುತ್ತಿದ್ದರು.

"ಶಿಕ್ಷಕರದು?"

ಬಿಂದುಮಾಧವ ಎರಡನೆಯ ಕಟ್ಟು ಎಣಿಸಿದ. "ಮೂವರು. ಅದೂ ಹೋಳಿಯಲ್ಲಿ ಒಂದು ಲೋಟ ಭಾಂಗ್."

"ನೋಡಿದಿರಾ!" ಎಂದು ಉಮರೇಡಕರರು ಎದ್ದರು. ಬಿಂದುಮಾಧವನಿಗೆ 'ಮಗಳಿಗೆ ಗಂಡು' ಎಂಬ ಮಾತು ಆಗ ತಾನೇ ಕಿವಿಯಿಂದ ತಲೆಗೆ ಇಳಿಯುತ್ತಿತ್ತು. "ಸರ್, ಒಂದು ನಿಮಿಷ..." ಎನ್ನುವಷ್ಟರಲ್ಲಿ ಅವರು ಹೊರಟೇ ಹೋಗಿದ್ದರು. ಹನ್ನೆರಡಕ್ಕೆ ನೋಟೀಸು ಬೋರ್ಡಿನ ಮೇಲೆ ಕೆಂಪು ಮಸಿಯಲ್ಲಿ ಬರೆದ ಕಾಗದ ಬಿತ್ತು: ನಮ್ಮ ವಿದ್ಯಾರ್ಥಿಗಳಲ್ಲಿ ನಲವತ್ತಕ್ಕೆ ಮೂವತ್ತೊಂದು ಜನ ಕುಡುಕರು, ಸಂಜೆ ಐದಕ್ಕೆ ಬೇವಿನ ಮರದ ಕೆಳಗೆ ಎಲ್ಲರೂ ಸೇರತಕ್ಕದ್ದು.

ಬಿಂದುಮಾಧವ ಖಾಲಿ ಕ್ಲಾಸೊಂದರಲ್ಲಿ ಕೂತು ಆ ಕಟ್ಟನ್ನು ಮೊದಲಿಂದ ಓದಿದ. ಹದಿನೇಳನೆಯ ಹಾಳೆಯಲ್ಲಿತ್ತು: 'ಪೆನ್ಶನ್ನಿಗೆ ಇನ್ನು ಹದಿನಾಲ್ಕು ತಿಂಗಳು. ಅಲ್ಲಿಯ ತನಕ ಹೀಗೇ.' ಅವನು ಕಟ್ಟನ್ನು ಚೀಲಕ್ಕೆ ಸೇರಿಸಿದ. ಸೈಕಲ್ ಹತ್ತಿ, ರಣಬಿಸಿಲಲ್ಲಿ ಟಾಂಗಾಗಳ ನಡುವೆ ತೂರಿಕೊಂಡು ಮನೆಗೆ ಬಂದ.

"ವತ್ಸಲಾ, ಮುಂಜಾನೆ ನನ್ನ ಕಾಗದ ಯಾರರೆ ಮುಟ್ಟಿದ್ರೇನು?"

ವತ್ಸಲಾ ಬಾಯಿ ತೆರೆಯುವ ಮೊದಲೇ ಗೋಡೆಯಾಚೆಯಿಂದ ಕಾಶಿಬಾಯಿಯ ದನಿ ಬಂತು: "ನಾನs ಸರಿ ಮಾಡಿಟ್ಟೀನಪಾ! ಚೀಟಿ ಹಾರಿ ಹೋಗಿದ್ವು. ಹೊಲಸ ಕಟ್ಟು ಹುಡುಗೂರ್ದು, ಹೌದಲ್ಲೋ?"

ಬಿಂದುಮಾಧವ ಹೊಸ್ತಿಲ ಮೇಲೆ ಕುಸಿದು ಕೂತ. ವತ್ಸಲಾ ನೀರು ತಂದಳು. "ಏನಾತ್ರಿ? ಯಾಕ ಹಿಂಗ ಬೆವತೀರಿ?"

"ಕುಡಿಯೋ ಮಂದಿ ಹುಡುಗರಲ್ಲ, ವತ್ಸಲಾ. ನಾವು," ಎಂದ.

"ಅಯ್ಯ! ನೀವೂ?" ಎಂದು ಅವಳು ಎದೆಯ ಮೇಲೆ ಕೈ ಇಟ್ಟುಕೊಂಡಳು. ಬಿಡಿಸಿ ಹೇಳಲು ಹೊತ್ತಿರಲಿಲ್ಲ. ಅವನು ಮತ್ತೆ ಸೈಕಲ್ ಹತ್ತಿದ.

ಕಾಲೇಜಿನ ಗೇಟಿನಲ್ಲೇ ಹತ್ತು ಹನ್ನೆರಡು ಹುಡುಗರು ಎದುರಾದರು. ಮುಂದಿದ್ದವನು ಶಾಮ; ಗದಗದಿಂದ ವರ್ಗವಾಗಿ ಬಂದ ರೈಲ್ವೆ ಗಾರ್ಡೊಬ್ಬರ ಮಗ, ಚಹಾವನ್ನೂ ಅಪ್ಪನಿಗೆ ಹೆದರಿ ಕುಡಿಯುವವನು.

"ಎಲ್ಲಿಗೆ ಹೊಂಟೀರಪಾ ಬಿಸಲಾಗ?"

ಶಾಮ ನೆಲ ನೋಡಿದ. "ನಾಲಾದ ಆಚೆ, ಸರ್. ಅಲ್ಲೆ ಮೋಹಾ ಹೂವಿನ ದಾರೂ ಸಿಗ್ತದಂತ."

"ನೀನು? ದಾರೂ?"

"ಮತ್ತೇನ್ ಮಾಡೂದ್ರಿ? ನಲವತ್ತರಾಗ ಮೂವತ್ತೊಂದು ಮಂದಿ ಕುಡೀತಾರಂತ. ನಾವಿಷ್ಟs ಹಳ್ಳಿ ಗಾವಠೀ ಉಳದೇವಿ. ಒಬ್ಬರೂ ನಮ್ಮನ್ನ ಕರೀಲಿಲ್ಲ ನೋಡ್ರಿ," ಎಂದ ಶಾಮ. ಅವನ ಕಣ್ಣಲ್ಲಿ ನಿಜವಾದ ನೋವಿತ್ತು. "ಎಲ್ಲಾರೂ ಒಂಬತ್ತರಾಗ ಇರಾಕ ಹೆದರ್ಯಾರ, ಸರ್."

ಕುಡಿತ ತಗ್ಗಿಸುವ ಸಮಿತಿ ಮೂರು ಗಂಟೆಯೊಳಗೆ ಹತ್ತು ಹನ್ನೆರಡು ಹುಡುಗರನ್ನು ಭಟ್ಟಿಯ ದಾರಿಗೆ ಹಚ್ಚಿತ್ತು. ಬಿಂದುಮಾಧವ ಸೈಕಲ್ಲನ್ನು ಅಡ್ಡ ಹಾಕಿದ. "ಆ ಲೆಕ್ಕ ತಪ್ಪದ. ಐದು ಗಂಟೆ ತನಕ ತಡೀರಿ. ನಿಮ್ಮ ಕೈ ಮುಗೀತೀನಿ."

"ಪ್ರಿನ್ಸಿಪಾಲರ ಸಹಿ ಅದಲ್ರಿ ಅದಕ್ಕ."

"ಅವರ ಕೈಲೇ ತಿದ್ದಸ್ತೀನಿ. ಐದರ ತನಕ!"

ಮೇಷ್ಟ್ರು ಕೈ ಮುಗಿದದ್ದನ್ನು ಹುಡುಗರು ಹಿಂದೆಂದೂ ನೋಡಿರಲಿಲ್ಲ. ಗಾಬರಿಯಿಂದ ನಿಂತರು.

ಬಿಂದುಮಾಧವ ಕದ ಬಡಿಯದೆ ಪ್ರಿನ್ಸಿಪಾಲರ ಕೋಣೆಗೆ ನುಗ್ಗಿ ಎಲ್ಲವನ್ನೂ ಹೇಳಿದ. ಬೈಗುಳಕ್ಕೆ ಸಿದ್ಧನಾಗಿ ಕಣ್ಣು ಮುಚ್ಚಿಕೊಂಡ. ಬಾಗಿಲ ಚಿಲಕ ಹಾಕಿದ ಸದ್ದಾಯಿತು. ಆಮೇಲೆ ಉಮರೇಡಕರರು ತೀರ ಸಣ್ಣ ದನಿಯಲ್ಲಿ ಕೇಳಿದರು:

"ಅಕ್ಷರದ ಮೇಲೆ ಯಾರ ಹಾಳೆ ಯಾವುದು ಅಂತ ಗೊತ್ತಾಗುತ್ತದೆಯೇ?"

ಬಿಂದುಮಾಧವ ಕಣ್ಣು ಬಿಟ್ಟ. ಪ್ರಿನ್ಸಿಪಾಲರು ಬರುವ ವರ್ಷದ ಮೇ ತಿಂಗಳಲ್ಲಿ ಪೆನ್ಶನ್ ಪಡೆಯುವವರೆಂಬುದು ಆಗ ನೆನಪಾಯಿತು. "ನಾನು ಅಂಕಿ ಮಾತ್ರ ನೋಡುತ್ತೇನೆ, ಸರ್," ಎಂದ.

"ಒಳ್ಳೆಯದು." ಅವರು ಅವನ ಚೀಲದಲ್ಲಿದ್ದ ಆ ಕಟ್ಟನ್ನು ತೆಗೆದು ಕಪಾಟಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಕೋಟಿನ ಒಳಜೇಬಿಗೆ ಇಳಿಸಿದರು. "ಹುಡುಗರಲ್ಲಿ ಕುಡಿಯುವವರು ಮೂವರೇ, ಅಲ್ಲವೇ? ಅಷ್ಟನ್ನು ನಾನು ಹೇಳುತ್ತೇನೆ. ನೀವು ಸುಮ್ಮನಿರಿ."

ಐದಕ್ಕೆ ಬೇವಿನ ಮರದ ಕೆಳಗೆ ಇಡೀ ಕಾಲೇಜು ನೆರೆಯಿತು. ಆಡಳಿತ ಮಂಡಳಿಯವರೂ ಬಂದಿದ್ದರು. ಬೇರೆ ಕೆಲಸಕ್ಕೆ ಊರಿಗೆ ಬಂದಿದ್ದ, ಭಂಡಾರಾದ ಹೊಸ ಕಾಲೇಜೊಂದರ ಪ್ರಿನ್ಸಿಪಾಲರೂ ಸುದ್ದಿ ಕೇಳಿ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಉಮರೇಡಕರರು ಗಂಟಲು ಸರಿಮಾಡಿಕೊಂಡರು.

"ಬೆಳಿಗ್ಗೆಯ ಅಂಕಿ ನಿಮಗೆ ಗೊತ್ತು. ಇದೀಗ ಪ್ರೊಫೆಸರ್ ಬಿಂದುಮಾಧವರು ಮತ್ತೆ ಎಣಿಸಿದ್ದಾರೆ. ನಲವತ್ತರಲ್ಲಿ ಕುಡಿಯುವವರು ಬರೀ ಮೂವರು! ಅದೂ ಹೋಳಿಯ ಭಾಂಗ್!"

ಆಡಳಿತ ಮಂಡಳಿಯ ಅಧ್ಯಕ್ಷರು ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಐದೇ ತಾಸಿನಲ್ಲಿ ಮೂವತ್ತೊಂದರಿಂದ ಮೂರಕ್ಕೆ! ಇಂಥ ಸುಧಾರಣೆ ಈ ಪ್ರಾಂತದಲ್ಲೇ ಆಗಿಲ್ಲ!" ಶಾಮ ಮತ್ತು ಅವನ ಗೆಳೆಯರು ತಾವೇ ಮೂವತ್ತೇಳರ ಪಂಗಡವೆಂದು ತಿಳಿದು, ಹಗುರಾಗಿ, ಕೇಕೆ ಹಾಕಿದರು. ಬಿಂದುಮಾಧವ ಬಾಯಿ ತೆರೆದ. ಪಕ್ಕದಲ್ಲಿದ್ದ ಸಿದ್ದಲಿಂಗಯ್ಯ ಅವನ ಕಾಲು ತುಳಿದರು.

"ಬಾಯಿ ಮುಚ್ರಿ, ಮಾಧವರಾವ್. ಮೂವತ್ತೊಂದು ಸಂಸಾರದ ಪ್ರಶ್ನೆ ಅದ."

ಸಿಬ್ಬಂದಿಯ ಕಡೆಯಿಂದ ಆಗಲೇ ಒಂದು ಠರಾವು ಬಂತು: ಪ್ರೊಫೆಸರ್ ಬಿಂದುಮಾಧವರಂಥ ಮಹನೀಯರು ಒಂದೇ ಕಾಲೇಜಿಗೆ ಸೀಮಿತವಾಗಬಾರದು, ನಾಳೆಯಿಂದಲೇ ಅವರನ್ನು ಪ್ರಾಂತದ ಎಲ್ಲ ಕಾಲೇಜುಗಳಿಗೆ ಒಂದೊಂದಾಗಿ ಕಳಿಸಬೇಕು. ಬಿಂದುಮಾಧವನ ಕೈಯೊಂದನ್ನು ಬಿಟ್ಟು ಸಿಬ್ಬಂದಿಯ ಎಲ್ಲ ಕೈಗಳೂ ಮೇಲೆದ್ದವು. ಪ್ರಿನ್ಸಿಪಾಲರು ಎರಡೂ ಕೈ ಎತ್ತಿದ್ದರು. ಅಧ್ಯಕ್ಷರು ಅಲ್ಲೇ ಸಹಿ ಹಾಕಿದರು.

ಕೊರಳಿಗೆ ಹಾರ ಬಿದ್ದ ಬಿಂದುಮಾಧವ ಕಂಬದಂತೆ ನಿಂತಿದ್ದಾಗ, ಭಂಡಾರಾದ ಪ್ರಿನ್ಸಿಪಾಲರು ಹತ್ತಿರ ಬಂದು ಅವನ ಎರಡೂ ಕೈ ಹಿಡಿದುಕೊಂಡರು. ಸಜ್ಜನರು, ಮುಖದಲ್ಲಿ ಚಿಂತೆಯಿತ್ತು.

"ನಾಳೆ ಮುಂಜಾನೆಯ ಪ್ಯಾಸೆಂಜರಿಗೇ ಬಂದುಬಿಡಿ, ಪ್ರೊಫೆಸರ್ ಸಾಹೇಬರೇ. ಒಂದೇ ಒಂದು ಸಂಶಯ. ನಮ್ಮ ಹುಡುಗರಲ್ಲಿ ಕುಡಿಯುವವರು ಒಬ್ಬರೂ ಇಲ್ಲ. ನೀವು ಮೂರಕ್ಕೆ ಇಳಿಸುವುದಕ್ಕೆ ಮುಂಚೆ ಮೂವತ್ತೊಂದು ಮಾಡಬೇಕಲ್ಲ, ಆ ಕೆಲಸವನ್ನು ನೀವೇ ಬಂದು ಮಾಡುತ್ತೀರೋ, ಇಲ್ಲಾ ನಾವೇ ಇವತ್ತು ಶುರು ಮಾಡಿಸಿರಬೇಕೋ?"